ಹರಿಹರ (ಹೆಸರು)

ಹರಿಹರ: ಭಾರತದಾದ್ಯಂತ ಗಂಡುಮಕ್ಕಳಿಗೆ ಇಡುವ ಹೆಸರು, ಶಿವ ಮತ್ತು ವಿಷ್ಣು ಒಂದೇ ಮೈಯಲ್ಲಿ ನಿಂತ ಮೂರ್ತಿಯ ಹೆಸರು, ದಾವಣಗೆರೆ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹೆಸರು. ಕನ್ನಡಿಗರಿಗೆ ಇದು ಇನ್ನೂ ಹತ್ತಿರದ್ದು. ವಿಜಯನಗರದ ಮೊದಲ ದೊರೆಯೂ ರಗಳೆಯ ದೊಡ್ಡ ಕವಿಯೂ ಈ ಹೆಸರಿನವರು. ದೇವರಿಂದ ಊರಿಗೆ, ಊರಿನಿಂದ ಮನುಷ್ಯರಿಗೆ ಇಳಿದು ಬಂದ ಹೆಸರು ಇದೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಕಾಲಾನುಕ್ರಮ ಆ ಮಾತಿಗೆ ಒಪ್ಪುವುದಿಲ್ಲ. ಹರಿಹರ ಊರಿನ ತುಂಗಭದ್ರೆಯ ದಡದಲ್ಲಿ ಈಗಿರುವ ದೇವಾಲಯ ಏಳುವ ಮೊದಲೇ ಹಂಪೆಯಲ್ಲಿ ಒಬ್ಬ ಹರಿಹರ ಹುಟ್ಟಿದ್ದ.

ಹರಿ, ಹರ ಎರಡೂ ‘ಹೃ’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು ಎಂಬುದು ಪರಂಪರೆಯ ವಿವರಣೆ. ಪಾಪವನ್ನೋ ಸಂಕಟವನ್ನೋ ಕಳೆಯುವವನು ಎಂದು ಎರಡಕ್ಕೂ ಅರ್ಥ ಹೇಳುತ್ತಾರೆ. ಬೇರು ಒಂದೇ ಇರುವಾಗ ದೇವರುಗಳು ಎರಡಾಗುವುದು ಹೇಗೆ ಎಂದು ವ್ಯಾಕರಣ ಬಲ್ಲವರು ಹಿಂದಿನಿಂದಲೂ ಚಮತ್ಕಾರ ಮಾಡಿದ್ದಾರೆ. ಭಾಷಾವಿಜ್ಞಾನಿಗಳು ಮಾತ್ರ ‘ಹರಿ’ಯನ್ನು ಹಳದಿ, ಹಸಿರು ಬಣ್ಣಗಳನ್ನು ಸೂಚಿಸುವ ಶಬ್ದಗಳ ಗುಂಪಿಗೆ ಸೇರಿಸುತ್ತಾರೆ. ಅರಿಶಿನಕ್ಕೆ ಸಂಸ್ಕೃತದಲ್ಲಿರುವ ‘ಹರಿದ್ರಾ’ ಆ ಗುಂಪಿನದೇ. ಸೂಳೆಕೆರೆಯಿಂದ ಇಳಿದು ಬಂದು ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹೊಳೆಗೂ ಹರಿದ್ರಾ ಎಂದೇ ಹೆಸರು. ಅಮರಕೋಶವಂತೂ ‘ಹರಿ’ಗೆ ವಿಷ್ಣುವಿನ ಜೊತೆಗೆ ಇಂದ್ರ, ಯಮ, ಸೂರ್ಯ, ಚಂದ್ರ, ಗಾಳಿ, ಸಿಂಹ, ಕುದುರೆ, ಕೋತಿ, ಹಾವು, ಗಿಣಿ, ಕಪ್ಪೆ ಎಂದೆಲ್ಲ ಅರ್ಥ ಕೊಡುತ್ತದೆ. ‘ಹರ’ಕ್ಕೆ ಇಷ್ಟು ದೊಡ್ಡ ಸಂಸಾರವಿಲ್ಲ. ಶಿವನನ್ನು ಬಿಟ್ಟರೆ ಗಣಿತದಲ್ಲಿ ಅದು ಭಾಜಕ, ಅಂದರೆ ಭಾಗಿಸುವ ಸಂಖ್ಯೆ. ಸೊನ್ನೆಯಿಂದ ಭಾಗಿಸಿದ ರಾಶಿಯನ್ನು 12ನೆಯ ಶತಮಾನದ ಭಾಸ್ಕರಾಚಾರ್ಯ ‘ಖಹರ’ ಎಂದು ಕರೆದ. ಅದಕ್ಕೆ ಎಷ್ಟು ಕೂಡಿದರೂ ಕಳೆದರೂ ವ್ಯತ್ಯಾಸವಾಗದು ಎಂಬುದನ್ನು ಅನಂತನಾದ ಅಚ್ಯುತನಿಗೆ ಹೋಲಿಸಿದ. ಹರನ ಹೆಸರು ಹೊತ್ತ ಲೆಕ್ಕಕ್ಕೆ ಹರಿಯ ಉಪಮೆ ಸಿಕ್ಕಿದ್ದು ಹೀಗೆ.

ಜೋಡಿಯಲ್ಲಿ ಹರಿ ಮೊದಲು ಬರುವುದೇಕೆ? ವೈಷ್ಣವರ ಮೇಲುಗೈ ಇದಕ್ಕೆ ಕಾರಣವಲ್ಲ. ದ್ವಂದ್ವಸಮಾಸದಲ್ಲಿ ಇಕಾರಾಂತ, ಉಕಾರಾಂತ ಪದಗಳು ಮುಂದೆ ನಿಲ್ಲಬೇಕೆಂದು ಪಾಣಿನಿಯ ‘ದ್ವಂದ್ವೇ ಘಿ’ ಸೂತ್ರ ವಿಧಿಸುತ್ತದೆ. ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯಲ್ಲಿ ಈ ಸೂತ್ರಕ್ಕೆ ಕೊಟ್ಟ ಉದಾಹರಣೆಯೇ ‘ಹರಿಹರೌ’. ಹಾಗಾಗಿ ಪಾಠಶಾಲೆಯ ಹುಡುಗರಿಗೆ ಈ ಹೆಸರು ದೇವರಾಗಿ ಪರಿಚಯವಾಗುವಷ್ಟೇ ವ್ಯಾಕರಣವಾಗಿಯೂ ಪರಿಚಯವಾಗುತ್ತದೆ. ಶಿಲ್ಪಿಗಳಿಗೆ ಈ ಸೂತ್ರದ ಹಂಗಿಲ್ಲ. ಮೂರ್ತಿಯಲ್ಲಿ ಬಲಭಾಗ ಹರನದು, ಎಡಭಾಗ ಹರಿಯದು. ಹೆಸರಿನಲ್ಲಿ ಹಿಂದೆ ಬಿದ್ದವನಿಗೆ ಕಲ್ಲಿನಲ್ಲಿ ಬಲಗಡೆಯ ಮರ್ಯಾದೆ.

ಕನ್ನಡ ನಾಡಿನಲ್ಲಿ ಈ ಮೂರ್ತಿಯ ಹಳೆಯ ದೊಡ್ಡ ನಿದರ್ಶನಗಳು ಬಾದಾಮಿಯಲ್ಲಿವೆ. ಅಲ್ಲಿನ ಮೊದಲ ಗುಹೆಯಲ್ಲಿ ಆಳೆತ್ತರವನ್ನು ಮೀರಿದ ಹರಿಹರನಿದ್ದಾನೆ. 578ರಲ್ಲಿ ಸಿದ್ಧವಾದ ಮೂರನೆಯ ಗುಹೆ ವಿಷ್ಣುವಿಗೆ ಮೀಸಲು. ಅಲ್ಲೂ ಹರಿಹರನನ್ನು ಬಿಟ್ಟಿಲ್ಲ. ಕಡಲಾಚೆಗೂ ಈ ದೇವರು ಬೇಗ ಹೋದ. ಕಾಂಬೋಡಿಯದಲ್ಲಿ 7ನೆಯ ಶತಮಾನದ ಹರಿಹರ ವಿಗ್ರಹಗಳು ಸಿಕ್ಕಿವೆ. ಎರಡನೆಯ ಜಯವರ್ಮನ ರಾಜಧಾನಿಗೆ ಹರಿಹರಾಲಯ ಎಂದೇ ಹೆಸರಿತ್ತು, ಆಮೇಲೆ ಅಲ್ಲಿಯೇ ಇಂದ್ರವರ್ಮ 881ರಲ್ಲಿ ಬಾಕೋಂಗ್ ದೇವಾಲಯವನ್ನು ಪ್ರತಿಷ್ಠಾಪಿಸಿದ. ಜಾವಾದಲ್ಲಿ ಮಜಪಹಿತ್ ರಾಜ್ಯವನ್ನು ಕಟ್ಟಿದ ಕೃತರಾಜಸನನ್ನು ಅವನ ಸಾವಿನ ನಂತರ ಹರಿಹರನ ರೂಪದಲ್ಲಿ ಕಡೆದರು. ಆ ಪ್ರತಿಮೆ ಈಗ ಜಕಾರ್ತದ ವಸ್ತುಸಂಗ್ರಹಾಲಯದಲ್ಲಿದೆ.

ಈಗಿನ ಹರಿಹರ ಊರಿಗೆ ಮೊದಲು ಕೂಡಲೂರು ಎಂಬ ಹೆಸರಿತ್ತು. ಹೊಳೆಗಳು ಕೂಡುವ ಜಾಗಕ್ಕೆ ಕನ್ನಡಿಗರು ಎಲ್ಲೆಡೆ ಇಡುವ ಹೆಸರೇ ಅದು. ಪುರಾಣ ಇದನ್ನು ಗುಹಾರಣ್ಯ ಎನ್ನುತ್ತದೆ. ಗುಹನೆಂಬ ಅಸುರ ಹರಿಯಿಂದಲೂ ಹರನಿಂದಲೂ ತನಗೆ ಸಾವು ಬರಬಾರದೆಂದು ಬ್ರಹ್ಮನಿಂದ ವರ ಪಡೆದ. ವರದಲ್ಲಿ ‘ಇಬ್ಬರೂ ಒಂದಾಗಿ’ ಎಂಬ ಷರತ್ತು ಇರಲಿಲ್ಲ. ಹರಿಹರರು ಒಂದೇ ದೇಹವಾಗಿ ಬಂದು ಅವನನ್ನು ಕೊಂದರು. ಸಾಯುವಾಗ ಅವನು ಕ್ಷೇತ್ರಕ್ಕೆ ತನ್ನ ಹೆಸರು ಉಳಿಯಲಿ ಎಂದು ಬೇಡಿಕೊಂಡನಂತೆ. ಕಥೆಯ ಪ್ರಕಾರ ಅವನ ಸೀಮೆ ಪೂರ್ವಕ್ಕೆ ಉಚ್ಚಂಗಿದುರ್ಗ, ದಕ್ಷಿಣಕ್ಕೆ ಗೋವಿನಹಾಳು, ಪಶ್ಚಿಮಕ್ಕೆ ಮುದನೂರು, ಉತ್ತರಕ್ಕೆ ಐರಣಿಯವರೆಗೆ. ಗಮನಿಸಬೇಕಾದ್ದು ಈ ಎಲ್ಲೆಗಳನ್ನು. ದಾವಣಗೆರೆ, ಹರಪನಹಳ್ಳಿ, ರಾಣೆಬೆನ್ನೂರು ಕಡೆಯ ಭಕ್ತರು ಬರುತ್ತಿದ್ದ ವಲಯವನ್ನೇ ಪುರಾಣ ಅಸುರನ ರಾಜ್ಯವಾಗಿ ಅಳೆದು ಕೊಟ್ಟಂತಿದೆ.

ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಹಾಗೂ ಮಂತ್ರಿ ಪೊಲಾಳ್ವ; ಕಾಲ 1223–24. ನಂತರ 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮ ಇಲ್ಲಿ ಐದು ನೆಲೆಯ ಹೆಬ್ಬಾಗಿಲು ಮುಂತಾದವನ್ನು ಸೇರಿಸಿದ. ಸೋಮನಾಥಪುರವನ್ನು ಮಾಡಿದ ಸೋಮ ಇವನೇ. ಬೇಲೂರು, ಹಳೇಬೀಡುಗಳ ಕುಸುರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಇಲ್ಲಿನ ಹೊರಗೋಡೆ ಸಪ್ಪೆಯೆನಿಸಬಹುದು. ಕಂಬಗಳ ಸಾಲು ಮತ್ತು ಒಳಚಾವಣಿ ಆ ಕೊರತೆಯನ್ನು ತುಂಬುತ್ತವೆ. ದೇವರ ಹೆಸರು ಹರಿಹರೇಶ್ವರ. ಆ ಹೆಸರು ಗಟ್ಟಿಯಾದಂತೆ ಕೂಡಲೂರು ಮರೆಗೆ ಸರಿದು ಊರೇ ಹರಿಹರವಾಯಿತು.

ಹೆಸರು ಹೊತ್ತ ಮನುಷ್ಯರ ವಿಷಯಕ್ಕೆ ಬಂದರೆ ಕವಿ ಹರಿಹರ ಮೊದಲಿಗ. 12ನೆಯ ಶತಮಾನದ ಕೊನೆ ಮತ್ತು 13ರ ಆರಂಭ ಅವನ ಕಾಲ. ಹಂಪೆಯವನು, ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿ ಲೆಕ್ಕ ಬರೆಯುತ್ತಿದ್ದು, ಅದನ್ನು ಬಿಟ್ಟು ವಿರೂಪಾಕ್ಷನ ಸನ್ನಿಧಿಗೆ ಮರಳಿದನೆಂದು ಪರಂಪರೆ ಹೇಳುತ್ತದೆ. ತಂದೆ ಮಹಾದೇವ ಭಟ್ಟ, ತಾಯಿ ಶರ್ವಾಣಿ, ತಂಗಿ ರುದ್ರಾಣಿ. ಮನೆಯಲ್ಲಿ ಎಲ್ಲವೂ ಶಿವನ ಹೆಸರು. ಹರಿಯನ್ನೂ ಹೊತ್ತವನು ಇವನೊಬ್ಬನೇ. ಆದರೆ ಇವನಷ್ಟು ಏಕನಿಷ್ಠ ಶಿವಕವಿ ಕನ್ನಡದಲ್ಲಿ ಇನ್ನೊಬ್ಬನಿಲ್ಲ. ‘ಗಿರಿಜಾಕಲ್ಯಾಣ’ ಬರೆದ, ಬಸವಣ್ಣನಿಂದ ಹಿಡಿದು ಶಿವಶರಣರ ಬದುಕನ್ನು ರಗಳೆಗಳಲ್ಲಿ ಕಟ್ಟಿದ. ಹರಿಗೆ ಅಲ್ಲಿ ಸಮಪಾಲಿಲ್ಲ. ಸೋದರಳಿಯ ರಾಘವಾಂಕ ‘ಹರಿಶ್ಚಂದ್ರಕಾವ್ಯ’ ಬರೆದು ಮನುಷ್ಯಮಾತ್ರನನ್ನು ಹೊಗಳಿದನೆಂದು ಹರಿಹರ ಸಿಟ್ಟಾಗಿ ಹೊಡೆದನೆಂಬ ಐತಿಹ್ಯವೂ ಇದೆ. ಹರಿಹರನನ್ನು ಹರೀಶ್ವರ, ಹರಿದೇವ ಎಂದೂ ಕರೆದಿದ್ದಾರೆ. ಸಮನ್ವಯದ ಹೆಸರಿಟ್ಟ ಮಾತ್ರಕ್ಕೆ ಸಮನ್ವಯ ಬರುವುದಿಲ್ಲ ಎಂಬುದಕ್ಕೆ ಇವನಿಗಿಂತ ಒಳ್ಳೆಯ ಸಾಕ್ಷಿ ಸಿಗದು. ಕನ್ನಡಕ್ಕೆ ಅದರಿಂದ ಲಾಭವೇ ಆಯಿತು.

ದೊರೆ ಹರಿಹರ ಸಂಗಮನ ಐವರು ಮಕ್ಕಳಲ್ಲಿ ಹಿರಿಯ. ಉಳಿದವರು ಕಂಪಣ, ಬುಕ್ಕ, ಮಾರಪ್ಪ, ಮುದ್ದಪ್ಪ. ತಮ್ಮಂದಿರ ಹೆಸರುಗಳ ಮಣ್ಣಿನ ವಾಸನೆಯ ನಡುವೆ ಅಣ್ಣನ ಸಂಸ್ಕೃತದ ಹೆಸರು ಬೇರೆಯಾಗಿ ಕಾಣುತ್ತದೆ. ಆದರೆ ಶಾಸನಗಳನ್ನು ಓದಿದರೆ ಈ ವ್ಯತ್ಯಾಸ ಕರಗುತ್ತದೆ. 1340ರ ಬಾದಾಮಿ ಶಾಸನದಲ್ಲಿ ಅವನು ‘ಹರಿಯಪ್ಪ ಒಡೆಯ’. ಜನರ ಬಾಯಲ್ಲಿ ಇನ್ನೂ ಸವೆದು ‘ಹಕ್ಕ’. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತ ಅಲ್ಲಿನ ಸುಲ್ತಾನ ಜಮಾಲುದ್ದೀನನು ‘ಹರ್ಯಬ್’ ಎಂಬ ದೊರೆಗೆ ಅಧೀನನಾಗಿದ್ದ ಎಂದು ಬರೆದಿದ್ದಾನೆ. ಅರಬ್ಬಿ ಕಿವಿಗೆ ಬಿದ್ದದ್ದು ಹರಿಹರ ಅಲ್ಲ, ಹರಿಯಪ್ಪ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಂದರೆ 14ನೆಯ ಶತಮಾನದ ಕರಾವಳಿಯಲ್ಲಿ ದೊರೆಯನ್ನು ಕರೆಯುತ್ತಿದ್ದುದು ಮನೆಮಾತಿನ ರೂಪದಲ್ಲೇ. ರಾಜ್ಯ ಸ್ಥಾಪನೆಗೆ 1336 ಎಂಬುದು ರೂಢಿಯ ವರ್ಷ. 1346ರಲ್ಲಿ ಐವರು ಸಹೋದರರೂ ಶೃಂಗೇರಿಯಲ್ಲಿ ಸೇರಿ ಮಠಕ್ಕೆ ದತ್ತಿ ಬಿಟ್ಟ ಶಾಸನವಿದೆ. ಹರಿಹರ ಆಳಿದ್ದು 1356ರವರೆಗೆ. ಬಿಡಿಸಲಾಗದ ಇಬ್ಬರು ಗೆಳೆಯರನ್ನು ಇಂದಿಗೂ ‘ಹಕ್ಕಬುಕ್ಕರು’ ಎಂದು ಛೇಡಿಸುತ್ತೇವೆ.

ಬುಕ್ಕನ ಮಗ ಇಮ್ಮಡಿ ಹರಿಹರ 1377ರಿಂದ 1404ರವರೆಗೆ ಆಳಿದ. ವೇದಭಾಷ್ಯಕಾರ ಸಾಯಣ ಅವನ ಕಾಲದಲ್ಲೂ ಬರೆದ. ಜೈನಕವಿ ಮಧುರನಿಗೆ ಅವನ ಆಶ್ರಯವಿತ್ತು. ಅವನ ದಂಡನಾಯಕ ಇರುಗಪ್ಪ ಹಂಪೆಯಲ್ಲಿ ಈಗ ಗಾಣಗಿತ್ತಿ ದೇವಾಲಯ ಎನ್ನುವ ಬಸದಿಯನ್ನು ಕಟ್ಟಿಸಿದ. ಇಬ್ಬರು ಹರಿಹರರ ಮನೆತನದ ಶಾಸನಗಳ ಕೊನೆಗೆ ಬೀಳುತ್ತಿದ್ದ ಅಂಕಿತ ‘ಶ್ರೀ ವಿರೂಪಾಕ್ಷ’. ಹಂಪೆಯ ಕವಿಯ ದೈವವೇ ಹಂಪೆಯ ದೊರೆಗಳ ಸಹಿಯೂ ಆಯಿತು. ಅವರ ನಂತರ ವಿಜಯನಗರದ ಸಿಂಹಾಸನದಲ್ಲಿ ಮೂರನೆಯ ಹರಿಹರ ಕೂರಲಿಲ್ಲ.

ಊರುಗಳಲ್ಲಿ ಈ ಹೆಸರು ಚದುರಿದೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನಲ್ಲಿ ತುಂಗೆಯ ದಡದ ಹರಿಹರಪುರ ಮಠದಿಂದ ಹೆಸರುವಾಸಿ. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲೂ ಒಂದು ಹರಿಹರಪುರವಿದೆ. ಕುಂದಾಪುರ ಕಡೆ ಅದೇ ದೇವರು ಬೇರೆ ಹೆಸರಿನಲ್ಲಿ ಊರಾಗಿದ್ದಾನೆ: ಶಂಕರನಾರಾಯಣ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕಡಲತೀರದಲ್ಲಿ ಹರಿಹರೇಶ್ವರ, ನಾಶಿಕದ ಬೆಟ್ಟಗಳಲ್ಲಿ ಕಡಿದಾದ ಮೆಟ್ಟಿಲುಗಳ ಹರಿಹರ ಕೋಟೆ. ಬಿಹಾರದಲ್ಲಿ ಗಂಡಕಿ ಗಂಗೆಯನ್ನು ಸೇರುವ ಸೋನ್‌ಪುರಕ್ಕೆ ಹರಿಹರ ಕ್ಷೇತ್ರ ಎನ್ನುತ್ತಾರೆ. ಕಾರ್ತಿಕ ಹುಣ್ಣಿಮೆಗೆ ಕೂಡುವ ಅಲ್ಲಿನ ದನದ ಜಾತ್ರೆ ಹೆಸರಾಂತದ್ದು. ಕೂಡಲೂರಿನ ಹಾಗೆ ಅದೂ ಎರಡು ನೀರು ಬೆರೆಯುವ ಜಾಗ ಎಂಬುದು ಆಕಸ್ಮಿಕವಿರಲಾರದು.

ವ್ಯಕ್ತಿನಾಮವಾಗಿ ಹರಿಹರ ದಾವಣಗೆರೆ ಸೀಮೆಯಲ್ಲಿ ಮನೆಮನೆಗೂ ಇರುವ ಹೆಸರಲ್ಲ. ಕೊಟ್ಟೂರು ಬಸವೇಶ್ವರನ ಕೊಟ್ರೇಶ, ಕೊಟ್ರಪ್ಪ, ಕೊಟ್ರಮ್ಮ, ದಾವಣಗೆರೆಯ ನಗರದೇವತೆ ದುಗ್ಗಮ್ಮನಿಂದ ಬಂದ ದುಗ್ಗಪ್ಪ, ದುರುಗೇಶ, ಮತ್ತೆ ಬಸಪ್ಪ, ಹನುಮಂತಪ್ಪ ಇವೇ ಇಲ್ಲಿನ ಬೀದಿಯಲ್ಲಿ ಕೂಗಿದರೆ ನಾಲ್ಕು ಜನ ತಿರುಗಿ ನೋಡುವ ಹೆಸರುಗಳು. ಒಕ್ಕಲಿನ ಮನೆಗಳಲ್ಲಿ ಹರಿಹರಪ್ಪ, ಹರಿಹರೇಶ್ವರ ಎಂಬ ರೂಪಗಳು ಸಿಗುತ್ತವೆ. ಕರ್ನಾಟಕದ ಉಳಿದೆಡೆ ಈ ಹೆಸರಿಗೆ ಹೆಚ್ಚಿನ ಒಲವು ಸ್ಮಾರ್ತ ಮನೆಗಳದು. ಹರಿಯೇ ಸರ್ವೋತ್ತಮನೆನ್ನುವ ಮಾಧ್ವರಲ್ಲಿ ಇದು ಅಪರೂಪವಾದುದು ಸಹಜ. ಹೆಣ್ಣುಮಕ್ಕಳಿಗೆ ಇದರ ರೂಪವೊಂದು ರೂಢಿಗೆ ಬರಲಿಲ್ಲ. ಬಡಗಣ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾಗುವ ಪದ್ಧತಿಯಿಂದ ‘ಹರಿಹರ’ ಕೊನೆಯ ಹೆಸರಾಗಿಯೂ ಬರುತ್ತದೆ.

ತಮಿಳರಲ್ಲಿ, ಕೇರಳದ ತಮಿಳು ಮನೆಗಳಲ್ಲಿ ಹರಿಹರನ್ ಬಹಳ ಬಳಕೆಯ ಹೆಸರು. ಗಜಲ್ ಮತ್ತು ಚಿತ್ರಗೀತೆಗಳ ಗಾಯಕ ಹರಿಹರನ್‌ರಿಂದ ಅದು ದೇಶಕ್ಕೆಲ್ಲ ಪರಿಚಿತ. ಮೋಹಿನಿಯಾದ ವಿಷ್ಣುವಿಗೂ ಶಿವನಿಗೂ ಹುಟ್ಟಿದವನೆಂಬ ಕಥೆಯಿಂದ ಅಯ್ಯಪ್ಪ ಹರಿಹರಪುತ್ರ, ಹರಿಹರಸುತ. ಒಡಿಶಾದಲ್ಲಿ ಗೋಪಬಂಧು ದಾಸರ ಸತ್ಯವಾದಿ ಶಾಲೆಯ ಐವರು ಸಂಗಾತಿಗಳಲ್ಲಿ ಒಬ್ಬರಾದ ಆಚಾರ್ಯ ಹರಿಹರ ಸ್ವಾತಂತ್ರ್ಯ ಹೋರಾಟಗಾರರು. ಕಟಕ್‌ನ ಕ್ಯಾನ್ಸರ್ ಆಸ್ಪತ್ರೆಗೆ ಅವರ ಹೆಸರಿದೆ. ಬಂಗಾಳದ ಹರಿಹರನನ್ನು ನಾವು ಬಲ್ಲದ್ದು ಕಾದಂಬರಿಯಿಂದ: ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯಲ್ಲಿ ಅಪುವಿನ ತಂದೆ, ಕಾಸಿಲ್ಲದ ಪುರೋಹಿತ ಹರಿಹರ ರಾಯ್. ಕನ್ನಡದ ಹರಿಹರೇಶ್ವರರೊಬ್ಬರು ಅಮೆರಿಕವನ್ನೂ ಮುಟ್ಟಿದರು. ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಶಿಕಾರಿಪುರ ಹರಿಹರೇಶ್ವರ ಕ್ಯಾಲಿಫೋರ್ನಿಯದಿಂದ ‘ಅಮೆರಿಕನ್ನಡ’ ಪತ್ರಿಕೆಯನ್ನು ನಡೆಸಿದರು, ಕೊನೆಗೆ ಮೈಸೂರಿಗೆ ಬಂದು ನೆಲೆಸಿದರು.

ಮಾತಿನಲ್ಲಿ ಈ ಜೋಡಿಗೆ ಬ್ರಹ್ಮನನ್ನೂ ಸೇರಿಸುವುದು ರೂಢಿ. ಹಟಮಾರಿಯನ್ನೋ ಆಗದ ಕೆಲಸವನ್ನೋ ಕುರಿತು ‘ಹರಿಹರಬ್ರಹ್ಮಾದಿಗಳು ಬಂದರೂ ಆಗದು’ ಎನ್ನುತ್ತಾರೆ. ದೇವರು ಇಲ್ಲಿ ಸೋಲುವುದಕ್ಕೇ ಬಂದವನು.

ಇನ್ನು ಕಚೇರಿ, ಕಾರ್ಖಾನೆಗಳ ಬಳಕೆ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳಿಂದ ಹರಿಹರದ ಹೆಸರನ್ನು ದೇಶದ ವರ್ಕ್‌ಶಾಪುಗಳಿಗೆ ಒಯ್ದಿತು. ಅದು ಮುಚ್ಚಿದ್ದು ಊರಿಗೆ ಬಿದ್ದ ದೊಡ್ಡ ಹೊಡೆತ. 1997ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದ ಮೇಲೆ ಹರಿಹರ ಅದರ ಭಾಗ. ಎರಡೂ ಊರುಗಳ ನಡುವೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ದಾವಣಗೆರೆ–ಹರಿಹರ ಎಂದು ಜೋಡಿಹೆಸರೇ ಇದೆ. ಇಲ್ಲಿ ಯಾವುದು ಮೊದಲು ಎಂಬುದನ್ನು ಪಾಣಿನಿ ತೀರ್ಮಾನಿಸಲಿಲ್ಲ, ಊರಿನ ಗಾತ್ರ ತೀರ್ಮಾನಿಸಿತು. ತುಂಗಭದ್ರೆಯ ಆಚೆ ದಡದಲ್ಲಿ, ಕುಮಾರಪಟ್ಟಣದಲ್ಲಿ ಹರಿಹರ್ ಪಾಲಿಫೈಬರ್ಸ್ ಕಾರ್ಖಾನೆ ಇದೆ. ಫಲಕದ ಮೇಲಿನ ಹೆಸರು ಈಚೆ ದಡದ್ದಾದರೂ ಅದು ನಿಂತಿರುವ ನೆಲ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನದು.