ಕಪ್ಪುಹಲಗೆಯ ಹಿಂದಿನ ಬುತ್ತಿ: ಗಣಿತ ಮೇಷ್ಟ್ರ ತರಬೇತಿಯ ಚರಿತ್ರೆ

ದಲಿತ ವಿಮರ್ಶೆ ಅಂದ ಕೂಡಲೆ ನಾವು ಕತೆ, ಕವಿತೆ, ಆತ್ಮಕತೆಗಳನ್ನೇ ಕೈಗೆತ್ತಿಕೊಳ್ಳುತ್ತೇವೆ. ಬಿ.ಎಡ್. ವಿದ್ಯಾರ್ಥಿ ಬರೆಯುವ ಪಾಠಯೋಜನೆಯ ಪುಸ್ತಕವನ್ನು ಪಠ್ಯವೆಂದು ಓದುವ ಅಭ್ಯಾಸ ನಮಗಿಲ್ಲ. ಅದರಲ್ಲೂ ಗಣಿತದ್ದು. ಗಣಿತಕ್ಕೆ ಜಾತಿ ಇಲ್ಲ, ಎರಡು ಮತ್ತು ಎರಡು ಕೇರಿಯಲ್ಲೂ ನಾಲ್ಕೇ ಅಗ್ರಹಾರದಲ್ಲೂ ನಾಲ್ಕೇ ಎಂಬ ಮಾತು ಎಷ್ಟು ಸರಳವಾಗಿ ಕೇಳಿಸುತ್ತದೆಂದರೆ ಅದನ್ನು ಪ್ರಶ್ನಿಸಹೊರಟವನೇ ಪೆದ್ದನಂತೆ ಕಾಣುತ್ತಾನೆ. ನಾನು ಪ್ರಶ್ನಿಸುತ್ತಿರುವುದು ಮೊತ್ತವನ್ನಲ್ಲ. ಆ ಮೊತ್ತವನ್ನು ಹಲಗೆಯ ಮೇಲೆ ಬರೆದು ತೋರಿಸುವ ಕೈ ಯಾರದು, ಅಂಥ ಕೈಗಳನ್ನು ತಯಾರು ಮಾಡಿದ ಸಂಸ್ಥೆಗಳು ಯಾರಿಗೆ ಬಾಗಿಲು ತೆರೆದವು ಎಂಬುದು ಇಲ್ಲಿಯ ಪ್ರಶ್ನೆ.

ಧನಂಜಯ ಕೀರ್ ಬರೆದ ಅಂಬೇಡ್ಕರ್ ಜೀವನಚರಿತ್ರೆಯಲ್ಲಿ ಬರುವ ಒಂದು ಪ್ರಸಂಗ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮೇಷ್ಟ್ರು ಭೀಮರಾವ್‌ನನ್ನು ಲೆಕ್ಕ ಬಿಡಿಸಲು ಹಲಗೆಯ ಬಳಿ ಕರೆಯುತ್ತಾರೆ. ತರಗತಿಯಲ್ಲಿ ಗದ್ದಲವೇಳುತ್ತದೆ. ಸವರ್ಣ ಹುಡುಗರ ಬುತ್ತಿಯ ಡಬ್ಬಿಗಳು ಆ ಹಲಗೆಯ ಹಿಂದೆ ಇದ್ದವು. ಅವನು ಹಲಗೆ ಮುಟ್ಟುವ ಮೊದಲೇ ಹುಡುಗರು ಓಡಿಹೋಗಿ ಡಬ್ಬಿಗಳನ್ನು ಅತ್ತ ಎಸೆಯುತ್ತಾರೆ. ಇದನ್ನು ಅವಮಾನದ ಕತೆಯಾಗಿ ಹೇಳಿ ಮುಂದೆ ಹೋಗುವುದು ನಮ್ಮ ರೂಢಿ. ಆದರೆ ಸ್ವಲ್ಪ ನಿಂತು ಆ ಹಲಗೆಯನ್ನೇ ನೋಡಬೇಕು. ಅದಕ್ಕೆ ಎರಡು ಮುಖ. ಮುಂದೆ ಗಣಿತ, ಹಿಂದೆ ಬುತ್ತಿ. ಕರೆದ ಮೇಷ್ಟ್ರಿಗೆ ಮುಂದಿನ ಮುಖ ಮಾತ್ರ ಕಂಡಿತ್ತು. ಹುಡುಗರಿಗೆ ಎರಡೂ ಗೊತ್ತಿತ್ತು.

ಆ ಹುಡುಗನ ಅಪ್ಪನೇ ತರಬೇತಿ ಪಡೆದ ಮೇಷ್ಟ್ರು ಎಂಬುದು ಈ ಕತೆಯಲ್ಲಿ ಹಿಂದೆ ಸರಿದುಬಿಡುತ್ತದೆ. ರಾಮ್‌ಜಿ ಸಕ್ಪಾಲರು ಪುಣೆಯ ಸೈನ್ಯದ ನಾರ್ಮಲ್ ಶಾಲೆಯಲ್ಲಿ ಕಲಿತು, ಹದಿನಾಲ್ಕು ವರ್ಷ ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ಮಹಾರ್ ಕುಲದ ಒಬ್ಬರು ಆ ಕಾಲದಲ್ಲಿ ಹಲಗೆಯ ಮುಂದೆ ಅಧಿಕಾರದಿಂದ ನಿಂತದ್ದು ದಂಡಿನ ಶಾಲೆಯೊಳಗೆ, ಊರಿನ ಶಾಲೆಯಲ್ಲಲ್ಲ. ಆ ದಾರಿಯೂ ಬಹಳ ಕಾಲ ಉಳಿಯಲಿಲ್ಲ. 1890ರ ದಶಕದ ಆರಂಭದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ಅದರೊಂದಿಗೆ ಒಂದು ಸಮುದಾಯದ ಮೇಷ್ಟ್ರ ತರಬೇತಿಯ ದಾರಿಯೂ ಮುಚ್ಚಿಹೋಯಿತು ಎಂಬುದನ್ನು ಶಿಕ್ಷಣದ ಚರಿತ್ರೆ ಬರೆದವರು ಗಮನಿಸಿದ್ದು ಕಡಿಮೆ.

ಊರಿನ ಶಾಲೆಯಲ್ಲಿ ಮೇಷ್ಟ್ರು ತಯಾರಾಗುತ್ತಿದ್ದುದು ಹೇಗೆ? ಕಪ್ಪುಹಲಗೆ ಬರುವ ಮೊದಲೂ ನಮ್ಮಲ್ಲಿ ಕಪ್ಪು ಇತ್ತು. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಬಟ್ಟೆಯ ಕಡತ. ಅದರ ಮೇಲೆ ಬಳಪದಲ್ಲಿ ಲೆಕ್ಕ. ಊರಿನ ಭೂಮಿ, ಕಂದಾಯ, ಸಾಲ ಎಲ್ಲ ಶಾನುಭೋಗರ ಕಡತದೊಳಗೆ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಮದರಾಸು ಸರ್ಕಾರಕ್ಕೆ ಕಳಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ 6,641 ಮಕ್ಕಳ ಲೆಕ್ಕವಿದೆ. ಅವರಲ್ಲಿ 1,185 ಬ್ರಾಹ್ಮಣರು, 981 ವೈಶ್ಯರು, 2,998 ಶೂದ್ರರು, 'ಇತರ ಎಲ್ಲ ಜಾತಿ'ಯವರು 1,174, ಮುಸಲ್ಮಾನರು 243, ಹೆಣ್ಣುಮಕ್ಕಳು 60. ಇಂಥ ಅಂಕಿಗಳನ್ನು ಹಿಡಿದೇ ಧರ್ಮಪಾಲರು 1983ರಲ್ಲಿ, ಇಂಗ್ಲಿಷರಿಗೆ ಮುಂಚೆ ನಮ್ಮ ಶಾಲೆಗಳು ಎಲ್ಲರದೂ ಆಗಿದ್ದವು ಎಂಬ ವಾದವನ್ನು ಬೆಳೆಸಿದರು. ಶೂದ್ರ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದದ್ದು ನಿಜ, ಅದನ್ನು ಅಲ್ಲಗಳೆಯುವ ಅಗತ್ಯ ನಮಗಿಲ್ಲ. ಆದರೆ 'ಇತರ ಎಲ್ಲ ಜಾತಿ' ಎಂಬ ಮನೆಯೊಳಗೆ ಹೊಲೆಯರ ಮಕ್ಕಳೆಷ್ಟು, ಮಾದಿಗರ ಮಕ್ಕಳೆಷ್ಟು? ಆ ಮನೆಗೆ ಕಿಟಕಿಯೇ ಇಲ್ಲ. ನನ್ನ ವಿಷಯಕ್ಕೆ ಇನ್ನೂ ಮುಖ್ಯವಾದ ಸಂಗತಿ ಬೇರೆ. ಹಿರಿಯ ಹುಡುಗ ಕಿರಿಯ ಹುಡುಗನಿಗೆ ಮಗ್ಗಿ ಹೇಳಿಕೊಡುವ ಪದ್ಧತಿಯನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಂಡಿದ್ದಾನೆ. ಮದರಾಸಿನಲ್ಲಿ ಇದನ್ನು ಪ್ರಯೋಗಿಸಿದ ಆಂಡ್ರೂ ಬೆಲ್ ಅದನ್ನು ಇಂಗ್ಲೆಂಡಿಗೂ ಒಯ್ದ. ಅಂದರೆ ಆಗ ಮೇಷ್ಟ್ರ ತರಬೇತಿ ಎಂಬುದು ಪ್ರತ್ಯೇಕವಾಗಿ ಇರಲಿಲ್ಲ. ಜಗಲಿಯ ಮೇಲೆ ಕೂತವನೇ ನಾಳೆ ಜಗಲಿಯ ಮೇಲೆ ಕಲಿಸುವವನು. ಜಗಲಿ ಹತ್ತಲಾರದವನಿಗೆ ಓದು ತಪ್ಪಿದ ದಿನವೇ ಮೇಷ್ಟ್ರಿಕೆಯೂ ತಪ್ಪಿತು.

1854ರ ವುಡ್ ಆಜ್ಞಾಪತ್ರ ನಾರ್ಮಲ್ ಶಾಲೆಗಳನ್ನು ತೆರೆಯಿರಿ, ಸಂಬಳ ಕೊಟ್ಟು ಮೇಷ್ಟ್ರನ್ನು ತಯಾರಿಸಿರಿ ಎಂದಿತು. ಇದಾದ ಎರಡೇ ವರ್ಷಕ್ಕೆ, 1856ರ ಜೂನ್ ತಿಂಗಳಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳುತ್ತಿಲ್ಲವೆಂದು ಅರ್ಜಿ ಹಾಕಿದ. ಸರ್ಕಾರ ಕೊಟ್ಟ ಉತ್ತರದ ಸಾರ ಇಷ್ಟು: ನ್ಯಾಯ ಹುಡುಗನ ಕಡೆ ಇರಬಹುದು, ಆದರೆ ಒಬ್ಬನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟುಹೋಗಿ ಶಾಲೆಯೇ ಬಹುಜನರ ಉಪಯೋಗಕ್ಕಿಲ್ಲದಂತಾಗುತ್ತದೆ. ಇದನ್ನು ನಾನು ಒಂದು ಗಣಿತದ ಪಠ್ಯವಾಗಿಯೇ ಓದುತ್ತೇನೆ. ಒಂದು ಕಡೆ ಒಂದು, ಇನ್ನೊಂದು ಕಡೆ ಹಲವು. ಹಲವು ದೊಡ್ಡದು, ಆದ್ದರಿಂದ ಒಂದನ್ನು ಕಳೆಯಿರಿ. ಲೆಕ್ಕ ಸರಿಯಾಗೇ ಇದೆ ಅಲ್ವಾ! ಹೊರಗೆ ನಿಂತಿದ್ದ ಇಡೀ ಕೇರಿಯನ್ನು 'ಒಂದು' ಎಂದು ಬರೆದುಕೊಂಡದ್ದರಲ್ಲಿ ಹುನ್ನಾರವಿದೆ. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ವರ್ಗಕ್ಕೂ ತೆರೆದಿವೆ ಎಂದು ಬರೆದದ್ದು ಕಾಗದದ ಮೇಲೆ ಉಳಿಯಿತು. ಅದೇ ಧಾರವಾಡದಲ್ಲಿ ನಾರ್ಮಲ್ ಶಾಲೆ ನಡೆಯಿತು, ಡೆಪ್ಯುಟಿ ಚೆನ್ನಬಸಪ್ಪನವರಂಥವರು ಕನ್ನಡ ಮೇಷ್ಟ್ರುಗಳ ಒಂದು ಪೀಳಿಗೆಯನ್ನೇ ಕಟ್ಟಿದರು. ಕನ್ನಡ ಉಳಿದ ಕತೆ ಹೇಳುವಾಗ ನಾವು ಅವರನ್ನು ನೆನೆಯುತ್ತೇವೆ, ನೆನೆಯಬೇಕಾದ್ದೇ. ಆದರೆ ಅರ್ಜಿ ಹಾಕಿದ ಆ ಹುಡುಗ ಕಲಿತಿದ್ದರೆ ಆ ನಾರ್ಮಲ್ ಶಾಲೆಗೆ ಬರುವ ವಯಸ್ಸಿನವನಾಗಿರುತ್ತಿದ್ದ. 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಅಂಬೇಡ್ಕರ್ ಈ ಧಾರವಾಡದ ಪ್ರಕರಣವನ್ನು ಮತ್ತೆ ಎತ್ತಿ ತೋರಿಸಿದರು.

ಈ ಎಳೆಯನ್ನು ಮೊದಲು ಸರಿಯಾಗಿ ಹಿಡಿದವರು ಜ್ಯೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗದ ಮುಂದೆ ಅವರು ಬರೀ ಶಾಲೆ ಕೇಳಲಿಲ್ಲ, ಮೇಷ್ಟ್ರನ್ನು ಕೇಳಿದರು. ಇರುವ ಮೇಷ್ಟ್ರೆಲ್ಲ ಬಹುಪಾಲು ಬ್ರಾಹ್ಮಣರು, ರೈತಾಪಿ ವರ್ಗದಿಂದಲೇ ಆರಿಸಿ ತರಬೇತಿ ಕೊಡಿ, ತರಬೇತಾದವನ ಸಂಬಳ ತಿಂಗಳಿಗೆ 12 ರೂಪಾಯಿಗಿಂತ ಕಡಿಮೆ ಇರಬಾರದು ಎಂದರು. ಕಲಿಸಬೇಕಾದ ವಿಷಯಗಳಲ್ಲಿ ಲೆಕ್ಕಪತ್ರ, ಬೇಸಾಯದ ಪ್ರಾಥಮಿಕ ತಿಳಿವು ಇವನ್ನು ಸೇರಿಸಿದರು. ಲೆಕ್ಕಪತ್ರ ಯಾಕೆ? ಸಾಹುಕಾರನ ಮತ್ತು ಕುಲಕರ್ಣಿಯ ಪುಸ್ತಕವನ್ನು ಓದಲಿಕ್ಕೆ.

ಮೈಸೂರು ಸೀಮೆಯ ಕತೆಯನ್ನು ಇಲ್ಲಿ ವಿವರವಾಗಿ ಹೇಳುವುದಿಲ್ಲ. ಮಿಲ್ಲರ್ ಸಮಿತಿಯ 1919ರ ವರದಿ ಬ್ರಾಹ್ಮಣೇತರರಿಗೆ ನೌಕರಿಯ ಬಾಗಿಲು ತೆರೆಯಿತು, ಅದರ ಫಲದಲ್ಲಿ ನಮ್ಮ ಪಾಲು ಕೊನೆಯ ಪಂಕ್ತಿಯದು. ದಲಿತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ. 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರಗಳ ಜೊತೆ ಮೈಸೂರಿನಲ್ಲೂ ಪ್ರಾದೇಶಿಕ ಶಿಕ್ಷಣ ಕಾಲೇಜು ಬಂತು. ವಿಷಯವನ್ನೂ ಬೋಧನೆಯನ್ನೂ ನಾಲ್ಕು ವರ್ಷ ಒಟ್ಟಿಗೇ ಕಲಿಸುವ ಅಲ್ಲಿಯ ಕ್ರಮ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. 1964–66ರ ಕೊಠಾರಿ ಆಯೋಗ ಹತ್ತನೇ ತರಗತಿವರೆಗೂ ಎಲ್ಲರಿಗೂ ಗಣಿತ ಕಡ್ಡಾಯವಾಗಲಿ ಎಂದಿತು. ಈ ಶಿಫಾರಸಿನಿಂದ ಪ್ರತಿ ಹೈಸ್ಕೂಲಿಗೂ ಗಣಿತದ ಮೇಷ್ಟ್ರು ಬೇಕಾದರು. ಕೇರಿಯ ಮಕ್ಕಳು ಗಣಿತದಲ್ಲಿ ಫೇಲಾಗುವುದು ಕೂಡ ಕಡ್ಡಾಯವಾಯಿತು.

ಗಣಿತ ಮೇಷ್ಟ್ರಾಗುವ ತರಬೇತಿ ಬಿ.ಎಡ್.ನಿಂದ ಶುರುವಾಗುತ್ತದೆ ಅಂತ ನಾವು ತಿಳಿದಿದ್ದೇವೆ. ಇಲ್ಲ, ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಅದು ತೀರ್ಮಾನವಾಗಿಬಿಡುತ್ತದೆ. ಹತ್ತಿರದ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ವಿಜ್ಞಾನ ವಿಭಾಗ ಇಲ್ಲದಿದ್ದರೆ ಹುಡುಗಿ ಕಲಾ ವಿಭಾಗ ಸೇರುತ್ತಾಳೆ. ಮುಂದೆ ಬಿ.ಎ., ಬಿ.ಎಡ್. ಕನ್ನಡ ಅಥವಾ ಸಮಾಜ ವಿಜ್ಞಾನ. ನಾನು ಪಾಠ ಮಾಡುವ ಬಿ.ಎಡ್. ತರಗತಿಗಳಲ್ಲಿ ನಮ್ಮ ಹುಡುಗ ಹುಡುಗಿಯರು ತುಂಬಿರುವುದು ಆ ಬೆಂಚುಗಳಲ್ಲೇ. ಗಣಿತ ಪದ್ಧತಿಯ ಬೆಂಚಿನಲ್ಲಿ ಬೆರಳೆಣಿಕೆ. ಕೇಳಿದರೆ 'ನಮಗೆ ಲೆಕ್ಕ ತಲೆಗೆ ಹತ್ತಲ್ಲ ಸಾರ್' ಅಂತಾರೆ. ಜಗಲಿ ಹತ್ತಬೇಡ ಅಂದವರ ಮಾತು ಮೂರು ತಲೆಮಾರು ಕಳೆಯುವಷ್ಟರಲ್ಲಿ ನಮ್ಮ ಬಾಯಲ್ಲೇ 'ತಲೆಗೆ ಹತ್ತಲ್ಲ' ಆಗಿದೆ. 2015ರಿಂದ ಬಿ.ಎಡ್. ಎರಡು ವರ್ಷದ್ದಾಯಿತು. ಗುಣಮಟ್ಟಕ್ಕಾಗಿ ಅಂದರು, ಇರಬಹುದು. ಕೂಲಿ ಮನೆಗೆ ಅದು ಇನ್ನೊಂದು ವರ್ಷದ ಸಂಪಾದನೆಯ ನಷ್ಟ.

ಇಷ್ಟು ದಾಟಿ ಒಳಗೆ ಬಂದವರಿಗೆ ಪಾಠಯೋಜನೆ ಬರೆಯಲು ಕಲಿಸುತ್ತೇವೆ. ಜರ್ಮನಿಯ ಹರ್ಬಾರ್ಟ್‌ನ ಅನುಯಾಯಿಗಳು ರೂಪಿಸಿದ ಹಂತಗಳು ಇಂದಿಗೂ ಅದರ ಬೆನ್ನೆಲುಬು. ಮಗುವಿಗೆ ಈಗಾಗಲೇ ಗೊತ್ತಿರುವುದಕ್ಕೆ ಹೊಸದನ್ನು ಕಟ್ಟಬೇಕು. 'ಪೂರ್ವಜ್ಞಾನ' ಅಂತ ಒಂದು ಕಾಲಂ. ಯಾವ ಮಗುವಿನ ಪೂರ್ವಜ್ಞಾನ? ಚಕ್ರಬಡ್ಡಿಯ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಬರೆಯುವುದು 'ವಿದ್ಯಾರ್ಥಿಗಳು ಬ್ಯಾಂಕಿನ ವ್ಯವಹಾರ ಬಲ್ಲರು' ಎಂದು. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಬಡ್ಡಿಯ ಲೆಕ್ಕಗಳು ಬೇಕಾದಷ್ಟಿವೆ, ಕನ್ನಡ ನೆಲದ ಹೆಮ್ಮೆ ಎಂದು ತರಬೇತಿಯಲ್ಲಿ ಹೇಳುತ್ತೇವೆ. ಬಡ್ಡಿ ಎಣಿಸಿದವನ ಕಡೆಯಿಂದ ಬರೆದ ಗಣಿತ ಅದು. ತೆತ್ತವನ ಕಡೆಯದು ಬೇರೆ. ತಿಂಗಳಿಗೆ ನೂರಕ್ಕೆ ಮೂರು ಎಂಬ ದರ ಕೇಳಲು ಸಣ್ಣದು. ಚಕ್ರಬಡ್ಡಿ ಹಾಕಿದರೆ ಸಾಲ ಎರಡೇ ವರ್ಷದಲ್ಲಿ ದುಪ್ಪಟ್ಟು. ಜೀತದ ಲೆಕ್ಕದಲ್ಲಿ ದುಡಿಮೆ ಬಡ್ಡಿಗೆ ವಜಾ, ಅಸಲು ಹಾಗೇ. ಅಪ್ಪನ ಅಸಲಿಗೆ ಮಗ ದುಡಿಯಬೇಕು. 1976ರ ಜೀತ ರದ್ದತಿ ಕಾಯ್ದೆ ಆ ಸಾಲವನ್ನೆಲ್ಲ ಸೊನ್ನೆ ಎಂದು ಸಾರಿತು. ಅಸಲು ಸೊನ್ನೆಯಾದರೆ ಸೂತ್ರದಲ್ಲಿ ಬಡ್ಡಿಯೂ ಸೊನ್ನೆ. ಹತ್ತನೇ ತರಗತಿಯ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವುದು? ತಮಟೆಗೆ ಚರ್ಮ ಕತ್ತರಿಸುವ ಮನೆಯ ಮಗುವಿಗೆ ಬಳೆಯ ಅಗಲಕ್ಕಿಂತ ಎಷ್ಟು ಹೆಚ್ಚು ಬಿಟ್ಟು ವೃತ್ತ ಎಳೆಯಬೇಕೆಂದು ಕೈಯಲ್ಲೇ ಗೊತ್ತಿರುತ್ತದೆ. ತ್ರಿಜ್ಯ ಎಂಬ ಪದ ಮಾತ್ರ ಗೊತ್ತಿರುವುದಿಲ್ಲ.

ಹೋದ ವರ್ಷ ಗಣಿತ ಪದ್ಧತಿ ತೆಗೆದುಕೊಂಡಿದ್ದ ಕೇರಿಯ ಹುಡುಗಿಯೊಬ್ಬಳು ಬೋಧನಾಭ್ಯಾಸಕ್ಕೆ ಹೋದ ಶಾಲೆಯಲ್ಲಿ ಚಕ್ರಬಡ್ಡಿಯ ಪಾಠಕ್ಕೆ ತನ್ನ ತಾತನ ಜೀತದ ಲೆಕ್ಕವನ್ನೇ ಪೂರ್ವಜ್ಞಾನದ ಕಾಲಮ್ಮಿನಲ್ಲಿ ಬರೆದಳು. ವೀಕ್ಷಣೆಗೆ ಬಂದವರು ಕೆಂಪು ಶಾಯಿಯಲ್ಲಿ 'ಪಾಠಕ್ಕೆ ಸಂಬಂಧಿಸಿಲ್ಲ' ಎಂದು ಗೀಚಿದರು. 'ಕಪ್ಪುಹಲಗೆ ಬಳಕೆಯ ಕೌಶಲ' ಎಂಬ ಕಾಲಮ್ಮಿನಲ್ಲಿ ಹತ್ತಕ್ಕೆ ಒಂಬತ್ತು ಕೊಟ್ಟಿದ್ದರು. ಅವಳು ಹಲಗೆಯ ಮೇಲೆ ಬರೆದದ್ದು ಆ ತಾತನ ಲೆಕ್ಕವನ್ನೇ, ಇಪ್ಪತ್ತನಾಲ್ಕು ತಿಂಗಳನ್ನೂ ಒಂದೊಂದು ಸಾಲಿನಂತೆ.