ಸೊರಗಿದರೆ ಹೆದರುವ ಊರು

ನಮ್ಮ ಕಾಕಾ ಮೂರು ವರ್ಷದ ಹಿಂದೆ ಆರೇ ತಿಂಗಳಲ್ಲಿ 24 ಕಿಲೋ ಇಳಿಸಿದ್ದರು. 102 ಇದ್ದವರು 78ಕ್ಕೆ ಬಂದಿದ್ದರು. ಊರಲ್ಲಿ ಯಾರೂ ಶಾಬಾಸ್ ಅನ್ನಲಿಲ್ಲ. ಟಿಕೋಟಾ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ: ‘ಯಾಕ್ರೀ, ಭಾಳ ಸೊರಗೀರಿ? ಸಕ್ಕರಿ ಬ್ಯಾನಿ ಬಂತೇನು?’ ಬೀಗರ ಮನೆಗೆ ಹೋದರೆ ಬೇಡವೆಂದರೂ ತಾಟಿಗೆ ಇನ್ನೊಂದು ಹೋಳಿಗೆ, ಮೇಲೆ ತುಪ್ಪ. ಒಂದೂವರೆ ವರ್ಷದಲ್ಲಿ ತೂಕ 99 ಆಯಿತು. ಆಗ ಅದೇ ಜನ ‘ಮನಸ್ಸು ಗಟ್ಟಿ ಇಲ್ಲ ಬಿಡ್ರಿ’ ಅಂದರು. ಕಾಕಾ ಕೂಡ ಅದನ್ನೇ ನಂಬಿ, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟರು.

ಮನಸ್ಸು ಗಟ್ಟಿ ಇಲ್ಲ ಎಂಬ ಈ ಮಾತು ನಿಜವೇ? ಉತ್ತರ ಹುಡುಕಲು ನಮ್ಮ ಜಿಲ್ಲೆಯ ಬರಗಾಲಗಳಿಂದಲೇ ಶುರು ಮಾಡಬೇಕು.

ನಮ್ಮಲ್ಲಿ ಮೈತುಂಬಿಕೊಂಡವನೆಂದರೆ ಹೊಗಳಿಕೆ, ಸೊರಗಿದವನೆಂದರೆ ಚಿಂತೆ. ಇದು ಸುಮ್ಮನೆ ಬಂದಿದ್ದಲ್ಲ. 1791-92ರ ಬರಕ್ಕೆ ಹಿರಿಯರು ಇಟ್ಟ ಹೆಸರು ಡೋಗಿ ಬರ, ತಲೆಬುರುಡೆಗಳ ಬರ. ಸತ್ತವರನ್ನು ಮಣ್ಣು ಮಾಡಲೂ ಜನರಿರಲಿಲ್ಲ. 1876ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಆಗ ನಮ್ಮದು ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆ, ಈಗಿನ ಬಾಗಲಕೋಟೆಯೂ ಅದರಲ್ಲೇ. 1872ರ ಜನಗಣತಿಯಲ್ಲಿ 8 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 6 ಲಕ್ಷ ಚಿಲ್ಲರೆಗೆ ಇಳಿದಿತ್ತು. ಸತ್ತವರೆಷ್ಟೋ, ಗುಳೆ ಹೋದವರೆಷ್ಟೋ.

ಆ ಬರದಲ್ಲಿ ಸರ್ಕಾರ ಕೆರೆ, ರಸ್ತೆ ಕೆಲಸ ತೆಗೆದು ಕೂಲಿ ಕೊಟ್ಟಿತು. ಖರ್ಚು ಹೆಚ್ಚಾಯಿತೆಂದು 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ, ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಒಂದಾಣೆ ಸಾಕೆಂದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕೂ ಕಡಿಮೆ. ಮಣ್ಣು ಹೊರುವ ಆಳಿಗೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಶ್ ಜಗಳವನ್ನೇ ತೆಗೆದರು. ಒಂದು ಪೌಂಡ್ ಕಾಳಿನಲ್ಲಿ ಸಿಗುವುದು ಹೆಚ್ಚುಕಡಿಮೆ 1,600 ಕ್ಯಾಲೊರಿ. ಈ ಲೆಕ್ಕ ನೆನಪಿಡಿ.

1945ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ಹಸಿವು ಮೈಗೆ ಏನು ಮಾಡುತ್ತದೆಂದು ತಿಳಿಯಲು ಒಂದು ಪ್ರಯೋಗ ನಡೆಸಿದ. ತಾವಾಗಿಯೇ ಒಪ್ಪಿ ಬಂದ 36 ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಅಂದರೆ ನಮ್ಮ ಬರದ ಕೂಲಿಯಷ್ಟೇ ಕಾಳಿನ ಲೆಕ್ಕ! ತೂಕ ಕಾಲು ಭಾಗ ಇಳಿಯಿತು. ಅದರ ಜೊತೆಗೆ ಮೈ ತನ್ನ ಖರ್ಚನ್ನೂ ಇಳಿಸಿತು: ಎದೆಬಡಿತ ನಿಧಾನವಾಯಿತು, ಮೈ ತಣ್ಣಗಾಯಿತು, ಹಗಲೂ ರಾತ್ರಿ ಊಟದ್ದೇ ಧ್ಯಾನ. ಪ್ರಯೋಗ ಮುಗಿದ ಮೇಲೆ ಎಷ್ಟು ತಿಂದರೂ ಹಸಿವು ತೀರದಾಯಿತು. ಮೊದಲು ಮರಳಿ ಬಂದದ್ದು ಕೊಬ್ಬು, ಅದೂ ಮುಂಚೆಗಿಂತ ಜಾಸ್ತಿ.

ನೀವು ಬೇಕೆಂದೇ ಊಟ ಬಿಟ್ಟಿರೋ, ಬರ ಬಿದ್ದು ಬಿಟ್ಟಿರೋ, ಮೈಗೆ ಗೊತ್ತಾಗುವುದಿಲ್ಲ. ಅಮೆರಿಕದ ಟಿವಿ ಸ್ಪರ್ಧೆಯೊಂದರಲ್ಲಿ ಸರಾಸರಿ 58 ಕಿಲೋ ಇಳಿಸಿದ್ದ 14 ಜನರನ್ನು ಆರು ವರ್ಷದ ನಂತರ ಪರೀಕ್ಷಿಸಿ 2016ರಲ್ಲಿ ವರದಿ ಬಂತು. ಸರಾಸರಿ 41 ಕಿಲೋ ವಾಪಸ್ ಬಂದಿತ್ತು. ಅಷ್ಟಾದರೂ ಅವರ ಮೈ ಸುಮ್ಮನೆ ಕುಳಿತಾಗ ಸುಡಬೇಕಾದದ್ದಕ್ಕಿಂತ ದಿನಕ್ಕೆ 500ರಷ್ಟು ಕ್ಯಾಲೊರಿ ಕಡಿಮೆ ಸುಡುತ್ತಿತ್ತು. ಈಗ ಬಂದಿರುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಕಥೆಯೂ ಹೀಗೇ: ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರರಲ್ಲಿ ಎರಡು ಪಾಲು ಮರಳಿತೆಂದು ಪರೀಕ್ಷೆಯಲ್ಲಿ ಕಂಡಿತು. ಅಂದಮೇಲೆ ಕಾಕಾನ ಮನಸ್ಸನ್ನು ಬೈದು ಏನು ಬಂತು?

ಈ ನಡುವೆ ನಮ್ಮ ನೆಲವೂ ಬದಲಾಯಿತು. ಡೋಣಿ ದಂಡೆಯ ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ ಬೆಳೆದು, ರೊಟ್ಟಿ ಬಡಿದು, ಹಿಂಡಿಪಲ್ಯ ತಿಂದು, ಎತ್ತಿನ ಹಿಂದೆ ದಿನವಿಡೀ ನಡೆದವರು ನಾವು. ಈಗ ಬಬಲೇಶ್ವರ, ಟಿಕೋಟಾ ಕಡೆ ಏತ ನೀರಾವರಿಯಿಂದ ಕೃಷ್ಣೆ ಬಂದಿದ್ದಾಳೆ. ದ್ರಾಕ್ಷಿ, ಕಬ್ಬು ಬಂದಿವೆ. ಒಳ್ಳೆಯದೇ, ಯಾರೂ ಬರಗಾಲವನ್ನು ಮತ್ತೆ ಕರೆಯಬೇಕಿಲ್ಲ. ಆದರೆ ಬೀಸುಕಲ್ಲು ಮೂಲೆ ಸೇರಿತು, ಹೊಲಕ್ಕೂ ಬೈಕು, ರೊಟ್ಟಿಯ ಜಾಗಕ್ಕೆ ಅನ್ನ, ಚಹಾದ ಜೊತೆ ಖಾರಿ, ಬಿಸ್ಕೀಟು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆಂಗಸರಲ್ಲಿ 30 ಜನ ಅತಿತೂಕದವರು. ತೀರ ಸೊರಗಿದವರೂ 17 ಜನ. ಒಂದೇ ಓಣಿಯಲ್ಲಿ ಎರಡೂ.

ಚರಕ ಸಂಹಿತೆಯಲ್ಲಿ ದಪ್ಪ ಮೈಯವರಿಗೆ ಹೇಳಿದ ಊಟದಲ್ಲಿ ನವಣೆ, ಸಾವೆ, ಹಾರಕ, ಹುರುಳಿ, ಹೆಸರು ಇವೆ. ಅಲ್ಲಿಯ ಜೂರ್ಣಾಹ್ವ ಎಂಬ ಕಾಳನ್ನು ಜೋಳವೆಂದೇ ಗುರುತಿಸುತ್ತಾರೆ. ವ್ಯಾಯಾಮವನ್ನು ಒಮ್ಮೆಲೇ ಅಲ್ಲ, ಕ್ರಮವಾಗಿ ಹೆಚ್ಚಿಸಬೇಕೆಂದೂ ಅದರಲ್ಲಿದೆ. ಅಮೆರಿಕದಲ್ಲಿ 1994ರಿಂದ, ತೂಕ ಇಳಿಸಿ ಉಳಿಸಿಕೊಂಡ ಸಾವಿರಾರು ಜನರ ಒಂದು ದಾಖಲೆ ಇಟ್ಟಿದ್ದಾರೆ. ಅವರು ಇಳಿಸಿದ ದಾರಿ ಬೇರೆ ಬೇರೆ. ಉಳಿಸಿಕೊಂಡ ದಾರಿ ಮಾತ್ರ ಬಹುಪಾಲು ಒಂದೇ: ದಿನಕ್ಕೆ ಸುಮಾರು ಒಂದು ತಾಸು ಮೈದಣಿಕೆ, ಹೆಚ್ಚಿನವರದು ನಡಿಗೆ, ಬೆಳಗಿನ ತಿಂಡಿ ತಪ್ಪಿಸದಿರುವುದು, ವಾರಕ್ಕೊಮ್ಮೆಯಾದರೂ ತೂಕ ನೋಡುವುದು. ಅದೂ ತೂಕ ಇಳಿದ ಮೇಲೂ, ವರ್ಷಗಟ್ಟಲೆ.

ಇದನ್ನೆಲ್ಲ ಕಾಕಾಗೆ ಓದಿ ಹೇಳಿದೆ. ಸುಮ್ಮನೆ ಕೇಳಿದರು. ‘ಹಂಗಾರ ತಪ್ಪು ನಂದಲ್ಲ ಅನ್ನು’ ಅಂದರು, ಸ್ವಲ್ಪ ಹೊತ್ತು ಬಿಟ್ಟು.

ಈಗ ಹೊಲಕ್ಕೆ ನಡೆದೇ ಹೋಗುತ್ತಾರೆ, ಹೋಗಿ ಬರಲು ಐದು ಕಿಲೋಮೀಟರ್. ರಾತ್ರಿ ಅನ್ನದ ಬದಲು ಒಂದು ರೊಟ್ಟಿ. ಪ್ರತಿ ರವಿವಾರ ಒಣದ್ರಾಕ್ಷಿ ಶೆಡ್ಡಿನ ಕಾಟಾದ ಮೇಲೆ ನಿಂತು, ಬಾಕ್ಸಿನ ಲೆಕ್ಕ ಬರೆಯುವ ವಹಿಯ ಕೊನೆ ಹಾಳೆಯಲ್ಲಿ ತಮ್ಮ ತೂಕ ಬರೆಯುತ್ತಾರೆ. ಹದಿನಾಲ್ಕು ತಿಂಗಳಲ್ಲಿ 11 ಕಿಲೋ ಇಳಿದಿದೆ. ಮೊನ್ನೆ ಮದುವೆಯೊಂದರಲ್ಲಿ ಅತ್ತಿ, ‘ಮತ್ತ ಸೊರಗಾಕತ್ತೀಯಲ್ಲೋ’ ಎಂದು ಹೋಳಿಗೆ ಹಿಡಿದು ಬಂದಳು. ಕಾಕಾ ಅರ್ಧ ಮುರಿದು ಇಟ್ಟುಕೊಂಡು, ಉಳಿದರ್ಧ ನನ್ನ ತಾಟಿಗೆ ಹಾಕಿದರು.