ಹೊಳೆ ದಂಡೆಯ ಊರು, ಹಳೇ ನಕ್ಷೆ

ಊರು ಬೆಳೆಯೋಕೆ ಶುರುವಾದಾಗ ಮೊದಲು ಹೋಗೋದು ಕೆರೆಗೆ ನೀರು ತರೋ ಹಳ್ಳ. ಆಮೇಲೆ ಕೆರೆ. ಕೊನೆಗೆ ಅಲ್ಲೊಂದು ಕೆರೆ ಇತ್ತು ಅನ್ನೋ ನೆನಪೂ ಹೋಗುತ್ತೆ. ಹೇಮಾವತಿ ದಂಡೆಯ ಹೊಳೆನರಸೀಪುರದಂಥ ಊರಿನ ಹೊರವಲಯದಲ್ಲಿ ಸೈಟು ಕೊಳ್ಳೋರು ಬ್ರೋಷರ್ ನೋಡ್ತಾರೆ. ನೋಡಬೇಕಾದ್ದು ಹಳೇ ಟೋಪೋ ಶೀಟು.

ಈ ನಕ್ಷೆಗಳು ನಮಗಾಗಿ ಹುಟ್ಟಿದ್ದಲ್ಲ, ಬಿಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಗೆದ್ದ ಕಂಪನಿ ಮೈಸೂರು ಸೀಮೆಯನ್ನು ಅಳೆಯೋಕೆ ಕಾಲಿನ್ ಮೆಕೆಂಜಿಯನ್ನು ನೇಮಿಸಿತು. ಸೈನ್ಯಕ್ಕೆ ದಾರಿ ಬೇಕಿತ್ತು, ಖಜಾನೆಗೆ ಕಂದಾಯ. ಅದೇ ಮೆಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮುಂದೆ ಸರ್ವೇ ಆಫ್ ಇಂಡಿಯಾ ಮೈಲಿಗೆ ಒಂದಿಂಚಿನ ಶೀಟುಗಳನ್ನು ಮುದ್ರಿಸಿತು. ನೀಲಿ ಅಂದ್ರೆ ನೀರು, ಕಂದು ಗೆರೆ ಅಂದ್ರೆ ನೆಲದ ಏರಿಳಿತ. ಮನೆ ಕಟ್ಟಿದರೂ ಇಳಿಜಾರು ಬದಲಾಗಲ್ಲ; ಮಳೆ ನೀರು ಹಳೇ ದಾರಿಯನ್ನೇ ಹುಡುಕಿಕೊಂಡು ಬರುತ್ತೆ.

ಶೀಟಿನ ಮೂಲೆಯಲ್ಲಿರೋ ಸರ್ವೇ ವರ್ಷವನ್ನು ಮೊದಲು ಓದಿ. ಊರಿನ ಮೇಲೆ ಹೋಗೋ ಮೈಸೂರು–ಅರಸೀಕೆರೆ ರೈಲು ಬಂದದ್ದು 1918ರಲ್ಲಿ. ಗೊರೂರು ಅಣೆಕಟ್ಟು ಮುಗಿದದ್ದು 1979ರಲ್ಲಿ. ಅದಕ್ಕೆ ಮುಂಚಿನ ನಕ್ಷೆಯಲ್ಲಿ ಶೆಟ್ಟಿಹಳ್ಳಿ ಒಂದು ಊರು. ಇವತ್ತು ಅಲ್ಲಿ ಹಿನ್ನೀರು, ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳೋ ಪಾಳು ಚರ್ಚು.

ಬೆಂಗಳೂರು ಜಿಲ್ಲೆಯ ಸರ್ಕಾರಿ ಜಮೀನು ಒತ್ತುವರಿಯನ್ನು ಬಯಲಿಗೆಳೆದ ಜಂಟಿ ಸದನ ಸಮಿತಿಯ ಅಧ್ಯಕ್ಷರು ಯಾರು ಗೊತ್ತಾ? ಪಕ್ಕದ ಅರಕಲಗೂಡಿನ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ. ರಾಜಧಾನಿಯಲ್ಲಿ ಆದದ್ದು ಹೋಬಳಿ ಊರುಗಳಿಗೆ ಬರೋಕೆ ಎಷ್ಟು ದಿನ?

ದಶಕಗಳ ಕಾಲ ಇಂಥ ಎಷ್ಟೋ ಶೀಟುಗಳು ಜನಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ, ದೇಶದ ಭದ್ರತೆ ಅಂತ. ಅತ್ತ ಅಮೆರಿಕದ ಸೈನ್ಯ 1950ರ ದಶಕದಲ್ಲಿ ಮುದ್ರಿಸಿದ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಇಂಟರ್‌ನೆಟ್ಟಿಗೆ ಹಾಕಿಬಿಟ್ಟಿದೆ! ನಮ್ಮ ಸರ್ವೇ ಇಲಾಖೆ ತನ್ನ ಹೊಸ ಶೀಟುಗಳನ್ನು ಉಚಿತವಾಗಿ ತೆರೆದದ್ದು 2017ರಲ್ಲಿ.

ಆದರೆ ಟೋಪೋ ಶೀಟು ಹಿಡಿದುಕೊಂಡು ಕೋರ್ಟಿಗೆ ಓಡಬೇಡಿ. ಮೈಲಿಗೆ ಒಂದಿಂಚು ಅಂದ್ರೆ ಒಂದು ಮಿಲಿಮೀಟರಿಗೆ 63 ಮೀಟರ್. 30–40ರ ಸೈಟು ಅದರಲ್ಲಿ ಪೆನ್ಸಿಲ್ ಮೊನೆಯಷ್ಟೂ ಇಲ್ಲ. ಕೆರೆ ಎಲ್ಲಿತ್ತು ಅಂತ ಅದು ಹೇಳುತ್ತೆ, ಯಾವ ಸರ್ವೇ ನಂಬರು ಅಂತ ಹೇಳಲ್ಲ. ಅದಕ್ಕೆ ಭೂದಾಖಲೆ ಕಚೇರಿಯ ಗ್ರಾಮ ನಕ್ಷೆ, ಆಕಾರ್‌ಬಂದ್, ಟಿಪ್ಪಣಿ ಬೇಕು. ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.